ಎರಡು ಮನೆ ಕೆಳಗೆ

ಇಳಕಲ್ಲಿನ ಒಂದು ಮದುವೆ. ಸಂಜೆಯ ರಿಸೆಪ್ಷನ್. ವೇದಿಕೆಯ ಮಗ್ಗುಲಿಗೆ ಎರಡು ಎತ್ತರದ ಸ್ಪೀಕರ್, ಒಂದು ಮಿಕ್ಸರ್, ಒಂದು ಲ್ಯಾಪ್‌ಟಾಪ್, ಅದರ ಮುಂದೆ ಇಪ್ಪತ್ತು ದಾಟಿದ ಹುಡುಗ. ಊಟ ಮುಗಿಸಿ ಬಂದ ನಿವೃತ್ತ ಮಾಸ್ತರರೊಬ್ಬರು ಮೈಕ್ ತೆಗೆದುಕೊಂಡು ‘ಯಾರೇ ಕೂಗಾಡಲಿ’ ಹಾಕಲು ಹೇಳಿದರು.

“ಕಾಕಾರ, ಇದು ಭಾಳ ಮ್ಯಾಲ ಐತ್ರಿ. ಶ್ರುತಿ ಎರಡು ಮನಿ ಇಳಸ್ಲೇನ್ರಿ?”

“ಬ್ಯಾಡಪಾ. ಅಣ್ಣಾವ್ರು ಹೆಂಗ ಹಾಡ್ಯಾರ ಹಂಗ ಇರ್ಲಿ.”

ಪಲ್ಲವಿ ಚೆನ್ನಾಗಿಯೇ ಬಂತು. ಚರಣದ ಏರಿಗೆ ಕೊರಳ ನರ ಉಬ್ಬಿತು, ಹಿಮ್ಮಡಿ ಮೇಲೆದ್ದಿತು, ದನಿ ಸೀಳಿತು. ಒಂದು ಸಾಲನ್ನು ಕೆಳಗಿನ ಸಪ್ತಕದಲ್ಲಿ ಹೇಗೋ ದಾಟಿಸಿದರು. ಮುಂದಿನದಕ್ಕೆ ಉಸಿರೇ ಸಾಲಲಿಲ್ಲ. ಪರದೆಯ ಮೇಲೆ ಅಕ್ಷರಗಳು ಮಾತ್ರ ಒಂದೊಂದಾಗಿ ಬಣ್ಣ ಬದಲಿಸುತ್ತ ಹೋದವು. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ.

ಬಾಗಲಕೋಟೆಯ ನವನಗರದ ಗಣಪತಿ ಪೆಂಡಾಲು, ಬಾದಾಮಿಯ ಶಾಲಾ ವಾರ್ಷಿಕೋತ್ಸವ, ಹುನಗುಂದದ ರಾಜ್ಯೋತ್ಸವ, ಎಲ್ಲ ಕಡೆ ಈಗ ಕರೋಕೆ ಬಂದಿದೆ. ಇದು ಬಂದದ್ದಕ್ಕೆ ನನಗೆ ಸಂತೋಷವೇ ಇದೆ. ಆರ್ಕೆಸ್ಟ್ರಾ ಕರೆಸುವ ಶಕ್ತಿಯಿಲ್ಲದವರ ಅಂಗಳದಲ್ಲೂ ಹಾಡು ಕೇಳುತ್ತಿದೆ. ಅಡುಗೆಮನೆಯ ಆಚೆ ಎಂದೂ ದನಿ ತೆಗೆಯದಿದ್ದ ಹೆಣ್ಣುಮಕ್ಕಳು ಮೈಕ್ ಹಿಡಿದಿದ್ದಾರೆ. ನನ್ನ ತಕರಾರು ಹಾಡಿನ ಆಯ್ಕೆಯ ಬಗ್ಗೆ. ನಾವು ಮೆಚ್ಚಿದ ಹಾಡನ್ನು ಆರಿಸುತ್ತೇವೆ, ನಮ್ಮ ದನಿಗೆ ಒಪ್ಪುವ ಹಾಡನ್ನು ಆರಿಸುವುದಿಲ್ಲ. ಮೆಚ್ಚಿದ್ದನ್ನೇ ಹಾಡಬೇಕೆಂದರೆ ಅದನ್ನು ನಮ್ಮ ದನಿಯ ಅಳತೆಗೆ ತಂದುಕೊಳ್ಳಲು ನಾಚುತ್ತೇವೆ.

ಕರೋಕೆ ಹುಟ್ಟಿದ್ದೇ ಆ ಅಳತೆಗಾಗಿ. ಜಪಾನಿ ಮಾತಿನಲ್ಲಿ ‘ಕರ’ ಎಂದರೆ ಖಾಲಿ, ‘ಒಕೆ’ ಎಂಬುದು ಆರ್ಕೆಸ್ಟ್ರಾದ ಮೊಟಕು ರೂಪ. ಇಂಥ ಹಿಮ್ಮೇಳದ ಪೆಟ್ಟಿಗೆಯನ್ನು ಟೋಕಿಯೊದಲ್ಲಿ ಶಿಗೆಇಚಿ ನೆಗಿಶಿ 1967ರಲ್ಲೇ ಮಾಡಿದ್ದರು. ಆದರೆ ನನಗೆ ಹೆಚ್ಚು ಹತ್ತಿರವಾಗುವುದು ಕೋಬೆ ನಗರದ ದೈಸುಕೆ ಇನೌಯೆ ಅವರ ಕಥೆ. ಅವರು ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ಸಾಥ್ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದವರು. ಒಬ್ಬ ಸಣ್ಣ ಕಂಪನಿಯ ಯಜಮಾನನಿಗೆ ಇವರ ಸಾಥ್ ಇದ್ದರಷ್ಟೇ ಹಾಡು ಬರುತ್ತಿತ್ತು, ಏಕೆಂದರೆ ಆತ ತಾಳ ತಪ್ಪಿದಲ್ಲಿ ಇವರೂ ತಡೆದು ಅವನ ಹಿಂದೆಯೇ ಬರುತ್ತಿದ್ದರು. ಆತ ಪರ ಊರಿಗೆ ಹೊರಟಾಗ ಜೊತೆಗೆ ಹೋಗಲಾಗದೆ, ಆತನ ದನಿಗೆ ಹೊಂದುವಂತೆ ನುಡಿಸಿ ಟೇಪ್ ಮಾಡಿ ಕೊಟ್ಟರು. ಅದೇ ಬೆಳೆದು 1971ರಲ್ಲಿ ನೂರು ಯೆನ್ ನಾಣ್ಯ ಹಾಕಿದರೆ ನುಡಿಯುವ ಯಂತ್ರವಾಯಿತು. ಮೊದಲಿಗೆ ಹನ್ನೊಂದು ಯಂತ್ರ ಮಾಡಿ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾಡಿಸಲೇ ಇಲ್ಲ.

ಇದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದವರು ನಾಟಕಗಳಲ್ಲಿ ಹಾರ್ಮೋನಿಯಂ ನುಡಿಸುವ ನಮ್ಮ ಪೇಟಿ ಮಾಸ್ತರರು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಥಿಯೇಟರು ಹಾಕುತ್ತವೆ. ಹುಡುಗನಾಗಿ ಅಲ್ಲಿ ನಾನು ಮುಂದಿನ ಸಾಲಿನಲ್ಲಿ ಕುಳಿತು ನಟರಿಗಿಂತ ಹೆಚ್ಚಾಗಿ ಪೇಟಿ ಮಾಸ್ತರರನ್ನೇ ನೋಡುತ್ತಿದ್ದೆ. ನಾಯಕನಿಗೆ ನೆಗಡಿಯಾಗಿದ್ದರೆ ಅವರು ಕಪ್ಪು ಎರಡರ ಶ್ರುತಿಯಿಂದ ಕಪ್ಪು ಒಂದಕ್ಕೆ ಇಳಿಯುವುದು ಪ್ರೇಕ್ಷಕರಿಗೆ ತಿಳಿಯುತ್ತಲೇ ಇರಲಿಲ್ಲ. ನಟಿಯ ಉಸಿರು ಮುಗಿಯುವ ಹೊತ್ತಿಗೆ ಸರಿಯಾಗಿ ಪೇಟಿ ಮುಂದೆ ಬಂದು ಆ ಜಾಗ ತುಂಬುತ್ತಿತ್ತು. ‘ಒನ್ಸ್ ಮೋರ್’ ಕೂಗಿದರೆ ಅದೇ ಪದ ಇನ್ನೊಂದು ಚಾಲಿನಲ್ಲಿ ಬರುತ್ತಿತ್ತು. ಇನೌಯೆ ಟೇಪಿಗೆ ತುಂಬಿದ್ದು ಈ ಪೇಟಿ ಮಾಸ್ತರರ ಗುಣವನ್ನೇ. ನಾವು ಆ ಗುಣವನ್ನು ಬಿಟ್ಟು ಪೆಟ್ಟಿಗೆಯನ್ನಷ್ಟೇ ಇಟ್ಟುಕೊಂಡಿದ್ದೇವೆ.

ಜಪಾನಿನವರು ಹೀಗೆ ಮಾಡುವುದಿಲ್ಲ. ಸ್ಪಿಟ್ಸ್ ಎಂಬ ಬ್ಯಾಂಡಿನ ‘ರಾಬಿನ್ಸನ್’ ಎಂಬ 1995ರ ಹಾಡನ್ನು ಕೇಳಿ ನೋಡಿ, ಗಂಡು ದನಿ ಅಷ್ಟು ಎತ್ತರದಲ್ಲಿ ತೇಲುತ್ತದೆ. ಸಾಮಾನ್ಯ ಗಂಡಸಿಗೆ ಅದು ನಿಲುಕುವುದಿಲ್ಲ. ಅಲ್ಲಿನ ಯಂತ್ರದಲ್ಲಿ ಶ್ರುತಿ ಏರಿಸಿ ಇಳಿಸುವ ಗುಂಡಿಯೇ ಇದೆ. ಅದನ್ನು ಒತ್ತಿದರೆ ಮರ್ಯಾದೆ ಹೋಯಿತೆಂದು ಯಾರೂ ತಿಳಿಯುವುದಿಲ್ಲ. ಒಬ್ಬೊಬ್ಬರಿಗೆ ಕೈವಶವಾದ ಹಾಡಿಗೆ ಅವರು ‘ಹದಿನೆಂಟನೆಯದು’ ಎನ್ನುತ್ತಾರೆ. ಆ ಮಾತು ಬಂದದ್ದು ಅವರ ಕಾಬುಕಿ ರಂಗಭೂಮಿಯಿಂದ, ಒಂದು ನಟ ಮನೆತನ ತನ್ನದೆಂದು ಆರಿಸಿಟ್ಟುಕೊಂಡ ಹದಿನೆಂಟು ನಾಟಕಗಳಿಂದ. ನಾಟಕದ ನೆಲದವರಾದ ನಮಗೆ ಈ ಲೆಕ್ಕ ತಿಳಿಯಬೇಕಿತ್ತು.

ಇಳಕಲ್ಲಿನ ಮದುವೆಯಲ್ಲಿ ಮಾಸ್ತರರು ಆರಿಸಿದ ಹಾಡಿನ ಹಿಂದಿನ ಕಥೆಯೂ ನಮ್ಮ ಮಗ್ಗುಲಿನದೇ. ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಅವರು ಬರೆದ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ಸಿನಿಮಾ ಆಯಿತು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅದುವರೆಗೆ ರಾಜಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ದನಿಯಾಗಿದ್ದರು. ಅಲ್ಲೊಂದು ಇಲ್ಲೊಂದು ಬಿಟ್ಟರೆ ತಮಗೆ ತಾವೇ ಹಾಡಿಕೊಳ್ಳದಿದ್ದ ರಾಜಕುಮಾರ್, ಎಮ್ಮೆಯ ಮೇಲೆ ಕೂತು ಹಾಡುವ ಈ ಹಾಡಿಗೆ ತಾವೇ ದನಿ ಕೊಟ್ಟರು. ಮುಂದೆ ಅದೇ ರೂಢಿಯಾಯಿತು. ಒಬ್ಬ ನಟ ತನ್ನ ಸ್ವಂತ ಕೊರಳಿಗೆ ಮರಳಿದ ಹಾಡು ಅದು. ಅದನ್ನು ನಾವು ಹಾಡುವಾಗ ನಮ್ಮ ಕೊರಳನ್ನು ಮರೆಯುವುದು ನನಗೆ ಸಂಕಟದ ಸಂಗತಿ.

ಹೆಣ್ಣುಮಕ್ಕಳಿಗೆ ಈ ತೊಡಕು ಇನ್ನೂ ಹೆಚ್ಚು. ‘ಅನಿಸುತಿದೆ ಯಾಕೋ ಇಂದು’ ಎಲ್ಲರಿಗೂ ಬೇಕು. ಆದರೆ ಸೋನು ನಿಗಮ್ ಹಾಡಿದ ಶ್ರುತಿಯಲ್ಲೇ ಹೊರಟ ಹುಡುಗಿಯ ದನಿ ಮಂದ್ರದಲ್ಲಿ ಮುಳುಗಿ ಹೋಗುತ್ತದೆ. ಅದನ್ನು ಮರೆಮಾಚಲು ಸೌಂಡಿನವರು ಎಕೊ ಏರಿಸುತ್ತಾರೆ, ಆಗ ಮಾತೂ ಹೋಯಿತು. ನಾಲ್ಕೈದು ಮನೆ ಮೇಲೆ ಹಾಕಿದ್ದರೆ ಅದೇ ಹುಡುಗಿ ಸಭೆಯನ್ನು ಸುಮ್ಮನಾಗಿಸುತ್ತಿದ್ದಳು.

ಇನ್ನೊಂದು ಕೊರತೆ ಪರದೆಯದು. ಬಹಳಷ್ಟು ಟ್ರ್ಯಾಕುಗಳಲ್ಲಿ ಕನ್ನಡದ ಸಾಹಿತ್ಯ ಇಂಗ್ಲಿಷ್ ಅಕ್ಷರದಲ್ಲಿ ಓಡುತ್ತದೆ. ಅದನ್ನು ಓದಿ ಹಾಡುವ ಮಕ್ಕಳ ಬಾಯಲ್ಲಿ ‘ಳ’ ‘ಲ’ ಆಗುತ್ತದೆ, ‘ಣ’ ‘ನ’ ಆಗುತ್ತದೆ. ಉಚ್ಚಾರವೇ ಜೀವವಾದ ಹಾಡುಗಳಿಗೆ ಇದು ದೊಡ್ಡ ಪೆಟ್ಟು. ಕೈಯಲ್ಲಿ ಬರೆದ ನೋಟುಬುಕ್ಕು ಹಿಡಿದು ಬರುವ ಹಿರಿಯರನ್ನು ಕಂಡರೆ ನನಗೆ ಗೌರವ. ಅವರು ಅಕ್ಷರ ನುಂಗುವುದಿಲ್ಲ.

ಟ್ರ್ಯಾಕು ಸಿಗುವುದನ್ನೇ ಹಾಡುತ್ತೇವೆ ಎಂಬುದು ಇವೆಲ್ಲಕ್ಕಿಂತ ದೊಡ್ಡ ನಷ್ಟ. ಸಿನಿಮಾ ಹಾಡಿಗೆ ರಾಶಿಗಟ್ಟಲೆ ಟ್ರ್ಯಾಕು. ಕಂಪನಿ ನಾಟಕದ ಪದಕ್ಕೆ, ಭಜನಿ ಪದಕ್ಕೆ, ಸೋಬಾನದ ಪದಕ್ಕೆ ಹುಡುಕಿದರೆ ಕೈ ಬರಿದು. ಅಮೀರಬಾಯಿ ಕರ್ನಾಟಕಿ ಬೀಳಗಿಯಿಂದ ಹೊರಟು 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದವರು. ಬಾಗಲಕೋಟೆಯ ಎಷ್ಟು ಕರೋಕೆ ಸಂಜೆಗಳಲ್ಲಿ ಅವರ ಒಂದು ಹಾಡು ಕೇಳಿದ್ದೇನೆ ಎಂದು ನೆನಪು ಮಾಡಿಕೊಂಡರೆ ಒಂದೂ ಇಲ್ಲ. ಈಗ ಮನೆಯಲ್ಲೇ ಕ್ಯಾಸಿಯೊ ನುಡಿಸಿ ಟ್ರ್ಯಾಕು ಮಾಡುವ ಹುಡುಗರು ನಮ್ಮ ಊರುಗಳಲ್ಲೇ ಇದ್ದಾರೆ. ಜಾತ್ರೆಯ ಹಳೆಯ ಪೇಟಿ ಮಾಸ್ತರರ ಪಕ್ಕ ಅವರು ನಾಲ್ಕು ದಿನ ಕೂತರೆ ಈ ಕೊರತೆ ನೀಗುತ್ತದೆ.

ಇಳಕಲ್ಲಿನ ಆ ಮದುವೆ ಮುಗಿದ ತಿಂಗಳಿಗೆ ನಿವೃತ್ತ ಮಾಸ್ತರರ ಮನೆಗೆ ಹೋಗಿದ್ದೆ. ಲ್ಯಾಪ್‌ಟಾಪಿನ ಹುಡುಗ ಅವರ ಅಳಿಯನ ತಮ್ಮನಂತೆ, ಅವನೂ ಬಂದಿದ್ದ. ಚಹಾ ಆದ ಮೇಲೆ ಮೊಬೈಲಿನಲ್ಲಿ ಅದೇ ಹಾಡು ಹಾಕಿ, ಕೇಳದೆಯೇ ಎರಡು ಮನೆ ಇಳಿಸಿಬಿಟ್ಟ. ಮಾಸ್ತರರು ಕುರ್ಚಿಯಲ್ಲಿ ಕೂತೇ ಹಾಡಿದರು. ಚರಣದಲ್ಲಿ ಹಿಮ್ಮಡಿ ಮೇಲೇಳಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಪದ್ಯ ಹೇಳಿದ, ತುಸು ಒರಟಾದ, ಹುನಗುಂದದ ಮಣ್ಣಿನ ದನಿ ಮೊದಲ ಸಲ ಪೂರ್ತಿಯಾಗಿ ಕೇಳಿಸಿತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಹಾಡು ಮುಗಿಸಿ ಅವರು ಹುಡುಗನ ಕಡೆ ನೋಡಿದರು.

“ತಮ್ಮಾ, ಇನ್ನೊಂದ್ ಮನಿ ಇಳಸು. ಮತ್ತೊಮ್ಮೆ ಹಾಡೂಣು.”