ನಡುವಿನ ನಾಲ್ಕು ಗಂಟೆ ಯಾರದು?

ಕೊಲ್ಲಿಯ ನೌಕರಿಯ ಬಗ್ಗೆ ನಮ್ಮ ಕರಾವಳಿಯಲ್ಲಿ ಮಾತು ಹೊರಟರೆ ಅದು ಸಂಬಳ, ವೀಸಾ, ರಜೆ ಎಂದು ಸುತ್ತಿ ಅಲ್ಲಿಗೇ ನಿಲ್ಲುತ್ತದೆ. ಕೆಲಸದ ಹೊತ್ತಿನ ಬಗ್ಗೆ ಕೇಳುವವರು ಕಡಿಮೆ. ಕರಾರುಪತ್ರದಲ್ಲಿ ದಿನಕ್ಕೆ 8 ಗಂಟೆ ಎಂದಿದ್ದರೆ ಎಲ್ಲರೂ ನಿಶ್ಚಿಂತರು. ಆದರೆ ಆ 8 ಗಂಟೆ ಎಷ್ಟು ಹೊತ್ತಿಗೆ ಆರಂಭವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಪತ್ರ ಅನೇಕ ವೇಳೆ ಹೇಳುವುದಿಲ್ಲ. ನಮ್ಮ ತಕರಾರು ಈ ಮೌನದ ಬಗ್ಗೆ.

ಮಂಗಳೂರು, ಉಡುಪಿ, ಭಟ್ಕಳದಿಂದ ಹೋಗಿ ಅಲ್ಲಿನ ಅಂಗಡಿ, ಹೋಟೆಲುಗಳಲ್ಲಿ ದುಡಿದವರಿಗೆ ‘ಬ್ರೇಕ್ ಡ್ಯೂಟಿ’ ಎಂದರೇನೆಂದು ವಿವರಿಸಬೇಕಾಗಿಲ್ಲ. ಬೆಳಿಗ್ಗೆ 9ರಿಂದ 1, ಮತ್ತೆ ಸಂಜೆ 5ರಿಂದ 9. ಮಧ್ಯಾಹ್ನದ ಸುಡುಬಿಸಿಲಲ್ಲಿ ಗಿರಾಕಿ ಬರುವುದಿಲ್ಲ, ಇಳಿಹೊತ್ತಿಗೆ ಪೇಟೆ ತುಂಬುತ್ತದೆ. ವ್ಯಾಪಾರದ ದೃಷ್ಟಿಯಿಂದ ಇದರಲ್ಲಿ ಅರ್ಥವಿದೆ. ನೌಕರನ ಲೆಕ್ಕ ಬೇರೆ. ದುಡಿಮೆ 8 ಗಂಟೆ, ಖರ್ಚಾದ ದಿನ 12 ಗಂಟೆ. ರೂಮು ಹತ್ತಿರವಿದ್ದರೆ ಊಟ, ಒಂದು ನಿದ್ದೆ, ಊರಿಗೊಂದು ಫೋನು. ದೂರವಿದ್ದರೆ ದಿನಕ್ಕೆ ನಾಲ್ಕು ಸಲ ಪ್ರಯಾಣ, ಇಲ್ಲವೇ ಅಂಗಡಿಯ ಗೋದಾಮಿನಲ್ಲೇ ರಟ್ಟು ಹಾಸಿ ಮಲಗುವುದು. ‘ಸ್ಟ್ರೈಟ್ ಡ್ಯೂಟಿ’ ಸಿಕ್ಕಿದವನನ್ನು ಅದೃಷ್ಟವಂತ ಎನ್ನುವುದು ಸುಮ್ಮನೆ ಅಲ್ಲ.

ಕಾನೂನುಗಳು ಏನನ್ನುತ್ತವೆ? ಸೌದಿ ಅರೇಬಿಯಾದ 2005ರ ಕಾರ್ಮಿಕ ಕಾನೂನಿನ ಪ್ರಕಾರ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು. ಬಿಡುವಿನಲ್ಲಿ ನೌಕರ ಮಾಲೀಕನ ಅಧೀನನಲ್ಲ, ಅವನನ್ನು ಕೆಲಸದ ಸ್ಥಳದಲ್ಲೇ ಇರಿಸಿಕೊಳ್ಳುವಂತಿಲ್ಲ ಎಂದೂ ಅದು ಹೇಳುತ್ತದೆ. ಯುಎಇಯ 2021ರ ಕಾನೂನಿನಲ್ಲಿ ಬಿಡುವು ಕನಿಷ್ಠ ಒಂದು ಗಂಟೆ. ಒಳ್ಳೆಯ ಮಾತೇ. ಆದರೆ ಈ ವಿಧಿಗಳು ಬಿಡುವಿನ ಕನಿಷ್ಠವನ್ನು ಗೊತ್ತುಮಾಡುತ್ತವೆಯೇ ಹೊರತು ಗರಿಷ್ಠವನ್ನಲ್ಲ. ಕತರ್‌ನ 2004ರ ಕಾನೂನು ಬಿಡುವು 1 ಗಂಟೆಗೆ ಕಡಿಮೆಯಾಗದೆ 3 ಗಂಟೆಗೆ ಮೀರದೆ ಇರಬೇಕು ಎನ್ನುತ್ತದೆ. ಅದೇ ಬಿಸಿಲು, ಅದೇ ವ್ಯಾಪಾರ. ಅಲ್ಲಿ ಮಿತಿ ಹಾಕಲು ಸಾಧ್ಯವಾದದ್ದು ಬೇರೆಡೆ ಏಕೆ ಸಾಧ್ಯವಿಲ್ಲ?

ನಮ್ಮ ದೇಶದ ಕಡೆಗೂ ನೋಡೋಣ. ಬಸ್ಸು, ಲಾರಿ ಕಾರ್ಮಿಕರ ಕೆಲಸವನ್ನು ದಿನಕ್ಕೆ ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಬಿಡುವೂ ಸೇರಿ ದಿನ ಸಾಮಾನ್ಯವಾಗಿ 12 ಗಂಟೆ ಮೀರಬಾರದು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸ್ಪಷ್ಟವಾಗಿ ಬರೆದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂದಿದೆ. ಒಟ್ಟು ದಿನ ಎಷ್ಟು ಉದ್ದವಿರಬೇಕೆಂಬುದನ್ನು ಅದು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಕಾಯ್ದೆ ತಿದ್ದಲು ಶಾಸನಸಭೆ ಬೇಕು, ಅಧಿಸೂಚನೆ ತಿದ್ದಲು ಒಂದು ಸಹಿ ಸಾಕು.

ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ವಚನ ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅಲ್ಲಿಗೇ ನಿಲ್ಲಬೇಕಾಗಿಲ್ಲ. ಫಿಕ್‌ಹ್‌ನ ಇಜಾರಾ ನಿಯಮಗಳ ಪ್ರಕಾರ ಕೂಲಿಯಂತೆಯೇ ದುಡಿಮೆಯ ಅವಧಿಯೂ ಉಭಯರಿಗೆ ಮೊದಲೇ ಗೊತ್ತಿರಬೇಕು. ಹನಫಿ ಫಿಕ್‌ಹ್ ಆಧರಿಸಿ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ 1869ರಿಂದ 1876ರ ನಡುವೆ ಸಿದ್ಧವಾದ ‘ಮಜಲ್ಲಾ’ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಒಬ್ಬನೇ ಮಾಲೀಕನಿಗೆ ಇಂತಿಷ್ಟು ಅವಧಿಗೆಂದು ಒಪ್ಪಿಕೊಂಡವನು ಕೆಲಸಕ್ಕೆ ಸಿದ್ಧನಾಗಿದ್ದರೆ ಸಾಕು, ಕೆಲಸ ನಡೆಯದಿದ್ದರೂ ಕೂಲಿಗೆ ಅರ್ಹ. ಬಿಡುವಿನಲ್ಲಿ ನೌಕರ ಸ್ವತಂತ್ರನಲ್ಲವೇ ಎಂದು ಮಾಲೀಕರು ಕೇಳಬಹುದು. ಹಾಗಾದರೆ ನಿಜಕ್ಕೂ ಸ್ವತಂತ್ರನಾಗಿರಲಿ. ಸರಕಿನ ಲಾರಿ ಬಂತೆಂದು 2 ಗಂಟೆಗೆ ಫೋನು ಮಾಡಿ ಕರೆಸಿಕೊಳ್ಳುವ ಹೊತ್ತನ್ನು ಬಿಡುವು ಎನ್ನಬಾರದು.

ನಮ್ಮ ಮಾತು ಅರಬರಿಗೆ ಮಾತ್ರವಲ್ಲ. ಅಲ್ಲಿ ಅಂಗಡಿ ನಡೆಸುವವರಲ್ಲಿ ನಮ್ಮೂರಿನವರೂ ಇದ್ದಾರೆ. ಝಕಾತ್ ತಪ್ಪಿಸದವರು, ಮಸೀದಿ-ಮದ್ರಸಗಳಿಗೆ ಕೈಬಿಚ್ಚಿ ಕೊಡುವವರು. ಅವರು ಕರಾರುಪತ್ರಕ್ಕೆ ನಾಲ್ಕು ಸಾಲು ಸೇರಿಸಲಿ: ಕೆಲಸ ಆರಂಭವಾಗುವ ಮತ್ತು ಮುಗಿಯುವ ಹೊತ್ತು, ಬಿಡುವಿನ ಗರಿಷ್ಠ ಮಿತಿ, ಎರಡನೆಯ ಸಲ ಬಂದುಹೋಗಲು ವಾಹನ, ಬಿಡುವಿನಲ್ಲಿ ಕರೆದರೆ ಆ ಹೊತ್ತಿಗೆ ಕೂಲಿ. ಇದಕ್ಕೆ ಯಾವ ದೇಶದ ಕಾನೂನೂ ಅಡ್ಡ ಬರುವುದಿಲ್ಲ. ಮಕ್ಕಳನ್ನು ಕಳುಹಿಸುವ ತಂದೆ-ತಾಯಿಯರೂ ಸಂಬಳ ಎಷ್ಟೆಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳಲಿ: ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯುತ್ತದೆ?