ಬಿನೋದ್ ಬಿಹಾರಿ ಹಿಡಿದ ಕತ್ತರಿ

ಹೋದ ತಿಂಗಳು ಲಿಂಗಸುಗೂರಿನಲ್ಲಿ ಒಂದಿಷ್ಟು ಕಾಲೇಜು ಹುಡುಗರಿಗೆ ಸತ್ಯಜಿತ್ ರಾಯ್ ಅವರ ‘ದಿ ಇನ್ನರ್ ಐ’ ತೋರಿಸಿದೆ. 1972ರ ಪುಟ್ಟ ಸಾಕ್ಷ್ಯಚಿತ್ರ. ಶಾಂತಿನಿಕೇತನದಲ್ಲಿ ರಾಯ್‌ಗೆ ಪಾಠ ಹೇಳಿದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಅವರ ಮೇಲಿನದು. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಸರ್, ಕಣ್ಣಿಲ್ದವ್ರು ಮಾಡ್ಯಾರಂತ ಚೊಲೋ ಅನ್ಬೇಕೋ, ಚೊಲೋ ಅದಾವಂತ ಚೊಲೋ ಅನ್ಬೇಕೋ?”

ಏನೋ ಹೇಳಿ ಜಾರಿಕೊಂಡೆ. ಸಿಂಧನೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಅದೇ ಪ್ರಶ್ನೆ ಕೊರೆಯುತ್ತಿತ್ತು.

ನಮ್ಮ ಕಡೆಗೆ ಕಣ್ಣಿಲ್ಲದ ಕಲಾವಿದರು ಹೊಸಬರಲ್ಲ. ಗದುಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಮನೆಮನೆಯ ಹೆಸರು. ಅವರ ಹಾಡು ಕೇಳುವಾಗ ‘ಕಣ್ಣಿಲ್ಲದಿದ್ದರೂ ಎಷ್ಟು ಚೆನ್ನಾಗಿ ಹಾಡುತ್ತಾರೆ’ ಎಂದು ಯಾರೂ ತಲೆದೂಗುವುದಿಲ್ಲ, ರಾಗಕ್ಕೆ ತಲೆದೂಗುತ್ತೇವೆ. ಚಿತ್ರಕಾರನ ವಿಷಯ ಬಂದಾಗ ಮಾತ್ರ ಮೊದಲು ‘ಅಯ್ಯೋ’ ಎನ್ನುತ್ತೇವೆ, ಆಮೇಲೆ ‘ಆಹಾ’. ಆ ‘ಆಹಾ’ದಲ್ಲಿ ಚಿತ್ರಕ್ಕೆ ಸಲ್ಲಬೇಕಾದದ್ದು ಎಷ್ಟು?

ಬಿನೋದ್ ಬಿಹಾರಿ ಹುಟ್ಟಿದ್ದು 1904ರಲ್ಲಿ, ಕಲ್ಕತ್ತೆಯ ಬೆಹಾಲಾದಲ್ಲಿ. ಹುಟ್ಟಿನಿಂದಲೇ ಒಂದು ಕಣ್ಣಿಲ್ಲ, ಇನ್ನೊಂದಕ್ಕೆ ದೂರದ್ದು ಕಾಣದು. ಆದರೂ 1919ರಲ್ಲಿ ಕಲಾಭವನ ಸೇರಿ ನಂದಲಾಲ್ ಬೋಸರ ಶಿಷ್ಯರಾದರು. (ನಮ್ಮ ಕೆ. ವೆಂಕಟಪ್ಪ ಮತ್ತು ನಂದಲಾಲ್ ಇಬ್ಬರೂ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು.) 1956ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ವಿಫಲವಾಗಿ ಇದ್ದ ದೃಷ್ಟಿಯೂ ಹೋಯಿತು. 1974ರಲ್ಲಿ ಪದ್ಮವಿಭೂಷಣ ಬಂತು, 1980ರಲ್ಲಿ ತೀರಿಕೊಂಡರು.

ಎಲ್ಲರೂ ಕತೆಯನ್ನು 1956ರಿಂದ ಶುರುಮಾಡುತ್ತಾರೆ. ನನಗೆ ಅದಕ್ಕೂ ಹತ್ತು ವರ್ಷ ಹಿಂದಿನದು ಮುಖ್ಯ. 1946-47ರಲ್ಲಿ ಅವರು ಶಾಂತಿನಿಕೇತನದ ಹಿಂದಿ ಭವನದ ಮೂರು ಗೋಡೆಗಳ ಮೇಲೆ ಮಧ್ಯಯುಗದ ಸಂತರನ್ನು ಬರೆದರು. ಹಸಿ ಗಾರೆಯ ಮೇಲಿನ ಕೆಲಸ. ಅಂದಿನ ಗಾರೆ ಒಣಗುವ ಮೊದಲೇ ಅಂದಿನ ಚಿತ್ರ ಮುಗಿಯಬೇಕು. ಪೂರ್ತಿ ಅಳತೆಯ ಕರಡು ಮಾಡಿಕೊಳ್ಳದೆ ನೇರ ಗೋಡೆಗೇ ಕೈಹಾಕಿದರು. ಗೋಡೆಯ ಮುಂದೆ ನಾನು ನಿಂತಿಲ್ಲ, ಅಚ್ಚಿನಲ್ಲಿ ಮತ್ತು ರಾಯ್ ಕ್ಯಾಮೆರಾದಲ್ಲಿ ನೋಡಿದ್ದೇನೆ. ಅಲ್ಲಿ ರಾಮಾನುಜ, ಕಬೀರ, ಸೂರದಾಸ, ತುಳಸೀದಾಸರಿದ್ದಾರೆ. ಅವರ ಸುತ್ತ ಹೆಸರಿಲ್ಲದ ನೂರಾರು ಜನ. ಎಲ್ಲಿಯೂ ಒಂದು ನಡುಬಿಂದು ಇಲ್ಲ. ಜಾತ್ರೆಯಲ್ಲಿ ತೇರಿನ ಹಿಂದೆ ಹೋಗುವವನಿಗೆ ಪಕ್ಕದ ಭುಜ, ಮುಂದಿನ ಬೆನ್ನು, ಯಾರದೋ ತಲೆಮೇಲಿನ ಗಂಟು ಕಾಣುತ್ತವಲ್ಲ, ಹಾಗೆ ಚಿತ್ರ ಸಾಗುತ್ತದೆ. ದೂರ ನಿಂತು ಇಡೀ ಗೋಡೆಯನ್ನು ಒಮ್ಮೆಗೇ ನೋಡಲಾಗದ ಕಣ್ಣಿಗೆ ಇದೇ ಸಹಜ ದಾರಿ ಎಂಬುದು ನನ್ನ ಓದು. ಆ ಕಣ್ಣಿನ ಮಿತಿಯೇ ಚಿತ್ರದ ಕಟ್ಟಡವಾಗಿದೆ. ಇಲ್ಲಿ ‘ಆದರೂ’ ಎಂಬ ಪದಕ್ಕೆ ಕೆಲಸವಿಲ್ಲ. ಮೇಲೆ ನಾನೇ ಒಮ್ಮೆ ಬಳಸಿದ್ದೇನೆ, ರೂಢಿ ಅಷ್ಟು ಬೇಗ ಬಿಡದು.

ಬಸ್ಸು ಮಸ್ಕಿಯಲ್ಲಿ ನಿಂತಿತು. ಬಂಗಾರ ಹುಡುಕಿಕೊಂಡು ಬಂದ ಬೀಡನ್ ಎಂಬ ಎಂಜಿನಿಯರ್‌ಗೆ 1915ರಲ್ಲಿ ಇಲ್ಲಿನ ಗುಡ್ಡದಲ್ಲಿ ಸಿಕ್ಕಿದ್ದು ಅಶೋಕನ ಹೆಸರಿದ್ದ ಶಾಸನ. ಆತ ಬಂದದ್ದೇ ಬೇರೆಯದಕ್ಕೆ. ನಾವೂ ಅಂಧತ್ವದ ಕತೆ ಕೇಳಲು ಬಂದು ಚಿತ್ರಗಳ ಎದುರು ನಿಂತಿದ್ದೇವೆ, ಒಮ್ಮೆ ಅವನ್ನೂ ನೋಡಬಾರದೇ?

ದೃಷ್ಟಿ ಹೋದ ಮೇಲೆ ಬಿನೋದ್ ಬಿಹಾರಿ ಬಣ್ಣದ ಕಾಗದ ಕತ್ತರಿಸಿ ಅಂಟಿಸತೊಡಗಿದರು, ಮೇಣದಲ್ಲಿ ಗೊಂಬೆ ಮಾಡಿದರು, 1972ರಲ್ಲಿ ಕಲಾಭವನಕ್ಕೆ ಟೈಲ್ಸ್‌ನ ಭಿತ್ತಿಚಿತ್ರ ಕಟ್ಟಿದರು. ಕಾಯಿಲೆಬಿದ್ದ ಫ್ರಾನ್ಸಿನ ಮತೀಸ್ ಕೂಡ ಕೊನೆಗಾಲದಲ್ಲಿ ಕತ್ತರಿ ಹಿಡಿದಿದ್ದ, ಆದರೆ ಆತನಿಗೆ ಬಣ್ಣ ಕಾಣುತ್ತಿತ್ತು. ಇವರು ಬಣ್ಣವನ್ನು ಇನ್ನೊಬ್ಬರಿಂದ ಕೇಳಿಯೇ ತಿಳಿಯಬೇಕು. ಕಾಗದದ ಅಂಚನ್ನು ಮಾತ್ರ ಸ್ವಂತ ಬೆರಳಿನಿಂದ. ಹಾಗಾಗಿ ಈ ಚಿತ್ರಗಳ ಜೀವ ಇರುವುದು ಅಂಚಿನಲ್ಲಿ: ಕೂತವರ ಬಾಗಿದ ಬೆನ್ನು ಒಂದೇ ಕತ್ತರಿಯ ಓಟದಲ್ಲಿ ಬರುತ್ತದೆ. ಎಲ್ಲವೂ ಗೆದ್ದಿಲ್ಲ. ಕೆಲವು ಬರೀ ಅಲಂಕಾರವಾಗಿ ನಿಂತಿವೆ, ಹಿಂದಿ ಭವನದ ಜನಸಂದಣಿಯ ತೂಕ ಅವಕ್ಕಿಲ್ಲ. ಇದನ್ನು ಹೇಳಲು ನಾವು ಅಳುಕುತ್ತೇವೆ. ಅಳುಕಿದಷ್ಟೂ ಅವರನ್ನು ಚಿತ್ರಕಾರರ ಸಾಲಿನಿಂದ ಎಬ್ಬಿಸಿ ಸನ್ಮಾನದ ಕುರ್ಚಿಯಲ್ಲಿ ಕೂರಿಸುತ್ತೇವೆ. ರಾಯ್ ಸಿನಿಮಾದ ಬಗ್ಗೆ ನನ್ನ ಸಣ್ಣ ತಕರಾರೂ ಇದೇ. ಗುರುವಿನ ಮೇಲಿನ ಗೌರವದಲ್ಲಿ ಅದು ಯಾವ ಚಿತ್ರವನ್ನೂ ಇನ್ನೊಂದರ ಪಕ್ಕ ಇಟ್ಟು ತೂಗುವುದಿಲ್ಲ.

ಅವರು ಬಿಟ್ಟುಹೋದದ್ದು ಎಲ್ಲಿದೆ? ಶಿಷ್ಯ ಕೆ.ಜಿ. ಸುಬ್ರಮಣ್ಯನ್ ಅವರ ಸುಟ್ಟಮಣ್ಣಿನ ಭಿತ್ತಿಗಳಲ್ಲಿ ಕಾಣುತ್ತದೆ. ಮಗಳು ಮೃಣಾಲಿನಿ ಸೆಣಬಿನ ಹಗ್ಗ ಗಂಟು ಹಾಕಿ ಆಳೆತ್ತರದ ಶಿಲ್ಪ ಮಾಡಿದರು. ಅದು ಅಪ್ಪನ ಪ್ರಭಾವ ಎಂದು ಸಲೀಸಾಗಿ ಹೇಳಲಾರೆ, ಆದರೆ ಬೆರಳಿಗೆ ಬುದ್ಧಿಯಿದೆ ಎಂಬ ನಂಬಿಕೆ ಇಬ್ಬರದೂ ಒಂದೇ. ಅವರ ಆತ್ಮಕಥನ ‘ಚಿತ್ರಕರ್’ ಅನ್ನು ನಾನು ಓದಿದ್ದು ಸುಬ್ರಮಣ್ಯನ್ ಅವರ ಇಂಗ್ಲಿಷಿನಲ್ಲಿ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಳಿ ಕುಟುಂಬಗಳಿವೆ. ಮೂಲವನ್ನು ಓದಿ ಹೇಳುವವರು ಅಲ್ಲಿ ಸಿಕ್ಕರೆ ಒಂದೆರಡು ಪುಟವನ್ನಾದರೂ ಬಂಗಾಳಿಯಲ್ಲೇ ಕೇಳಬೇಕು.

ಬರುವ ತಿಂಗಳು ಮತ್ತೆ ಲಿಂಗಸುಗೂರಿಗೆ ಹೋಗುವುದಿದೆ. ಈ ಸಲ ಸಿನಿಮಾ ಒಯ್ಯುವುದಿಲ್ಲ. ಹಿಂದಿ ಭವನದ ಒಂದು ತುಣುಕು, ಕಾಗದದ ಎರಡು ಚಿತ್ರ, ಒಂದು ಗೆದ್ದದ್ದು, ಒಂದು ಸೋತದ್ದು. ಆ ಹುಡುಗನಿಗೆ ಮೂರನ್ನೂ ಕೊಟ್ಟು, ಯಾವುದು ಚೊಲೋ ಅಂತ ಅವನನ್ನೇ ಕೇಳುತ್ತೇನೆ.