ಮೆನು ಕಾರ್ಡಿನ ಮೇಲಿನ ‘ಜೈನ್’ ಮುದ್ರೆ

ಬೆಂಗಳೂರಿನ ಲ್ಯಾವೆಲ್ ರಸ್ತೆ, ವಿಠಲ್ ಮಲ್ಯ ರಸ್ತೆ, ಇಂದಿರಾನಗರದ ನೂರಡಿ ರಸ್ತೆಗಳಲ್ಲಿ ಇಟಲಿ, ಜಪಾನ್, ಥಾಯ್ಲೆಂಡ್ ದೇಶಗಳ ಅಡುಗೆಯನ್ನು ಬಡಿಸುವ ಶ್ರೀಮಂತ ಭೋಜನಗೃಹಗಳು ಹಲವಿವೆ. ಅವುಗಳಲ್ಲಿ ಕೆಲವು ತಮ್ಮ ಮೆನು ಕಾರ್ಡಿನಲ್ಲಿ ಆಯ್ದ ತಿನಿಸುಗಳ ಮುಂದೆ ‘ಜೈನ್’ ಎಂದು ಮುದ್ರಿಸುತ್ತವೆ. ಮುದ್ರಿಸದಿದ್ದಲ್ಲಿಯೂ ಬಡಿಸುವವನು “ಜೈನ್ ಮಾಡಿಕೊಡುತ್ತೇವೆ ಸಾರ್” ಎಂದು ತಾನಾಗಿಯೇ ಹೇಳುವುದುಂಟು. ಮೊಮ್ಮಗನ ಹುಟ್ಟುಹಬ್ಬಕ್ಕೋ, ಮಗಳಿಗೆ ಉದ್ಯೋಗ ದೊರೆತ ಸಂತೋಷಕ್ಕೋ ಅಲ್ಲಿಗೆ ಹೋದ ಶ್ರಾವಕ ಕುಟುಂಬ ಆ ಒಂದು ಮಾತಿನಿಂದ ನಿಶ್ಚಿಂತವಾಗುತ್ತದೆ. ಆ ನಿಶ್ಚಿಂತೆಗೆ ಆಧಾರವೇನು ಎಂಬುದು ವಿಚಾರಾರ್ಹವಾದ ವಿಷಯ.

ವ್ಯಾಪಾರದಲ್ಲಿ ಸರಕಿನ ಮೇಲೆ ಮುದ್ರೆಯೊತ್ತಿದರೆ ಅದಕ್ಕೆ ಜವಾಬು ಹೇಳುವವರು ಇರಬೇಕು. ಚಿನ್ನದ ಹಾಲ್‌ಮಾರ್ಕಿನ ಹಿಂದೆ ಪರೀಕ್ಷಾ ಕೇಂದ್ರವಿದೆ. ಪೊಟ್ಟಣದ ಹಸಿರು ಚುಕ್ಕೆಯ ಹಿಂದೆ ಕಾನೂನಿದೆ. ಮೆನು ಕಾರ್ಡಿನ ‘ಜೈನ್’ ಎಂಬ ಮುದ್ರೆಗೆ ಅಂಥ ಹೊಣೆಗಾರರಿಲ್ಲ. ಅದರ ಅರ್ಥವನ್ನು ಅಡುಗೆಮನೆಯೇ ನಿಶ್ಚಯಿಸಿಕೊಂಡಿದೆ: ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಹೆಚ್ಚೆಂದರೆ ಆಲೂಗಡ್ಡೆಯಿಲ್ಲ.

ಅಂಜೂರದ ಹೋಳು, ಪಾರ್ಮೆಸಾನ್ ಚೀಸಿನ ತುರಿ, ಮೇಲೆ ಜೇನಿನ ಎಳೆ ಇರುವ ಒಂದು ಸಲಾಡನ್ನೇ ತೆಗೆದುಕೊಳ್ಳಬಹುದು. ಈರುಳ್ಳಿಯ ಸುಳಿವಿಲ್ಲದ್ದರಿಂದ ಅದಕ್ಕೆ ‘ಜೈನ್’ ಮುದ್ರೆ ಸುಲಭವಾಗಿ ಬೀಳುತ್ತದೆ. ಆದರೆ ಮದ್ಯ, ಮಾಂಸಗಳೊಡನೆ ಮೂರನೆಯದಾಗಿ ಎಣಿಸಲ್ಪಡುವ ವರ್ಜ್ಯವೇ ಜೇನು. 2020ರ ಲೇಬಲಿಂಗ್ ನಿಯಮಾವಳಿ ಮಾಂಸಾಹಾರದ ವ್ಯಾಖ್ಯೆಯಿಂದ ಜೇನನ್ನು ಹೊರಗಿಟ್ಟಿರುವುದರಿಂದ ಹಸಿರು ಚುಕ್ಕೆಯೂ ಇಲ್ಲಿ ನೆರವಿಗೆ ಬಾರದು. ಅಂಜೂರವನ್ನು ಪಂಚ ಉದುಂಬರಗಳ ಬಳಗದ್ದೆಂದು ಬಿಡುವ ಮನೆಗಳು ಅನೇಕ. ಚೀಸಿನ ವಿಷಯವಂತೂ ಇನ್ನೂ ಗಂಭೀರ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಅದರ ವಿಧಿಬದ್ಧ ಕ್ರಮದಂತೆ ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದಲೇ ಹೆಪ್ಪುಗಟ್ಟಿಸಬೇಕು. ಆ ಜಠರ ಕೊಂದ ಕರುವಿನದು. ನಮ್ಮ ದೇಶದ ಡೈರಿಗಳ ಚೀಸಿಗೆ ಬಹುಮಟ್ಟಿಗೆ ಸೂಕ್ಷ್ಮಾಣುಗಳಿಂದ ಪಡೆದ ರೆನೆಟ್ ಬಳಕೆಯಲ್ಲಿದೆ. ಆದುದರಿಂದ ‘ಯಾವ ಚೀಸ್, ಎಲ್ಲಿಯದು?’ ಎಂಬ ಒಂದು ಪ್ರಶ್ನೆಯಿಂದ ಸಂದೇಹ ನಿವಾರಣೆಯಾಗಬಲ್ಲದು. ಬೆಳ್ಳುಳ್ಳಿಯ ಬಗ್ಗೆ ಮೂರು ಸಲ ಗದರಿ ಕೇಳುವವರೂ ಆ ಪ್ರಶ್ನೆಯನ್ನು ಕೇಳುವುದಿಲ್ಲ.

ಥಾಯ್ ಕರಿಯ ಅರೆದ ಮಸಾಲೆಯಲ್ಲಿ ರೂಢಿಯಂತೆ ಹುದುಗಿಸಿದ ಸಿಗಡಿ ಇರುತ್ತದೆ. ಜಪಾನಿನ ಮಿಸೊ ಸೂಪಿನ ತಿಳಿಯನ್ನು ಸಾಮಾನ್ಯವಾಗಿ ಒಣಮೀನಿನ ಚಕ್ಕೆಗಳಿಂದ ಇಳಿಸುತ್ತಾರೆ. ಪನ್ನಾ ಕೊಟ್ಟಾ ಎಂಬ ಸಿಹಿಯನ್ನು ಗಟ್ಟಿಯಾಗಿಸುವ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳ ಸಾರ. ಇದು ಆ ನಾಡುಗಳ ದೋಷವಲ್ಲ. ಅವರ ಕಡಲು, ಅವರ ರುಚಿ. ಜಪಾನಿನಲ್ಲೇ ಬೌದ್ಧ ವಿಹಾರಗಳ ಶೋಜಿನ್ ರಿಯೋರಿ ಎಂಬ ಪಾಕಪದ್ಧತಿಯಿದೆ. ಅದರಲ್ಲಿ ಮೀನು ಮಾಂಸಗಳಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ಸೂಪಿನ ತಿಳಿಗೆ ಕಡಲಪಾಚಿ, ಒಣಗಿಸಿದ ಅಣಬೆ. (ಅಣಬೆ ನಮಗೆ ಸಲ್ಲದೆಂಬುದು ಬೇರೆ ಮಾತು.) ಅಲ್ಲಿ ತ್ಯಾಗದೊಳಗಿನಿಂದಲೇ ಒಂದು ಅಡುಗೆ ಬೆಳೆದಿದೆ. ನಮ್ಮ ನಗರದ ‘ಜೈನ್ ರಿಸೊಟ್ಟೊ’ವಾದರೋ ಬೇರೊಂದು ತಿನಿಸಿನಿಂದ ಎರಡು ವಸ್ತುಗಳನ್ನು ಕಳೆದು ಉಳಿದುದಕ್ಕಿಟ್ಟ ಹೆಸರು. ಅಕ್ಕಿ ಹುರಿಯುವಾಗ ಸುರಿಯುವ ವೈನ್ ಆ ಕಳೆಯುವ ಲೆಕ್ಕಕ್ಕೆ ಬಾರದೆ ಉಳಿಯುವುದೂ ಸಾಧ್ಯ.

ಇನ್ನು ಹೊತ್ತಿನ ವಿಷಯ. ಬೆಂಗಳೂರಿನಲ್ಲಿ ವರ್ಷದ ಯಾವ ದಿನವೂ ಸೂರ್ಯ ಸಂಜೆ 7ರವರೆಗೆ ನಿಲ್ಲುವುದಿಲ್ಲ. ಈ ಭೋಜನಗೃಹಗಳ ರಾತ್ರಿಯ ಊಟ ಸಾಮಾನ್ಯವಾಗಿ ಆರಂಭವಾಗುವುದೇ 7ಕ್ಕೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ರಾತ್ರಿಭುಕ್ತಿವಿರತಿ ಶ್ರಾವಕನ ಹನ್ನೊಂದು ನೆಲೆಗಳಲ್ಲಿ ಆರನೆಯದು. ಎಲ್ಲರೂ ಆ ನೆಲೆಗೇರಿದವರಲ್ಲವೆಂದರೆ ಒಪ್ಪಬಹುದು. ಆದರೆ ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ಅಜ್ಜಿ, “ನನ್ನದಾಯಿತು, ನೀವು ಉಣ್ಣಿ ಮಕ್ಕಳೇ” ಎಂದು ಖಾಲಿ ತಟ್ಟೆಯ ಮುಂದೆ ಎರಡು ತಾಸು ಕುಳಿತಿರುವಾಗ ಆ ಮೇಜಿನ ಊಟಕ್ಕೆ ‘ಜೈನ್’ ಎಂಬ ಹೆಸರು ಎಷ್ಟು ಒಪ್ಪುತ್ತದೆ? ಇಂಥ ಬಹುತೇಕ ಭೋಜನಗೃಹಗಳು ಮಧ್ಯಾಹ್ನವೂ ತೆರೆದಿರುತ್ತವೆ. ಅದೇ ಅಡುಗೆ, ಅದೇ ಬೆಲೆ, ಕೆಲವೊಮ್ಮೆ ಕಡಿಮೆಯೂ ಹೌದು. ಹುಟ್ಟುಹಬ್ಬದ ಊಟವನ್ನು ಭಾನುವಾರದ ಮಧ್ಯಾಹ್ನಕ್ಕಿಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ, ಅಜ್ಜಿಯೂ ಉಣ್ಣುತ್ತಾರೆ.

ಅದೇ ಗ್ರಂಥ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಫಲ ಅಲ್ಪ, ಘಾತ ಬಹಳವೆಂದು ಬಿಡಬೇಕಾದವುಗಳಲ್ಲಿ ಮೂಲಂಗಿ, ಹಸಿಶುಂಠಿಗಳೊಂದಿಗೆ ಬೆಣ್ಣೆಯನ್ನೂ ಹೆಸರಿಸುತ್ತದೆ. ಪಾಶ್ಚಾತ್ಯ ಅಡುಗೆಮನೆಗಳು ಬಹುಮಟ್ಟಿಗೆ ಬೆಣ್ಣೆಯಿಲ್ಲದೆ ಒಲೆ ಹೊತ್ತಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂದು ಆಚಾರ್ಯರ ಅಭಿಪ್ರಾಯ. ಆ ಸಂಕಲ್ಪ ಉಣ್ಣುವವನದು. ಅಡುಗೆಯವನು ಅದನ್ನು ತಟ್ಟೆಯಲ್ಲಿಟ್ಟು ಕೊಡಲಾರ.

ಕಚೇರಿಯ ಸಹೋದ್ಯೋಗಿಗಳೊಡನೆ ಹೋಗಲೇಬೇಕಾದ ತರುಣರಿಗೆ ಇವೆಲ್ಲ ಕಠಿಣವೆನಿಸಬಹುದು. ಹೋಗಲೇಬಾರದೆಂದು ಯಾರೂ ಹೇಳುತ್ತಿಲ್ಲ. ಹೋಗಿ, ರೆನೆಟ್, ಜೆಲಟಿನ್, ಮೀನಿನ ಸಾಸ್, ವೈನ್, ಜೇನು ಎಂಬ ಐದು ಹೆಸರುಗಳನ್ನು ಮೃದುವಾಗಿ ಕೇಳಿ, ಉತ್ತರ ಸಿಗದಿದ್ದರೆ ಹಣ್ಣಿನ ರಸ ಕುಡಿದು ಎದ್ದುಬರುವ ಹುಡುಗ, ಮುದ್ರೆಯನ್ನು ನಂಬಿ ಎಲ್ಲವನ್ನೂ ತಿಂದು ಬರುವ ಹಿರಿಯರಿಗಿಂತ ಮುಂದಿದ್ದಾನೆ. ಆದರೆ ಆ ಐದು ಹೆಸರುಗಳನ್ನು ಅವನಿಗೆ ಯಾರಾದರೂ ಹೇಳಿಕೊಟ್ಟಿರಬೇಕಷ್ಟೆ. ದಶಲಕ್ಷಣ ಪರ್ವಕ್ಕೆಂದು ಬಸದಿಯ ಟ್ರಸ್ಟುಗಳು ಅಚ್ಚು ಹಾಕಿಸುವ ಪುಸ್ತಿಕೆಗಳಲ್ಲಿ ದಾನಿಗಳ ನಾಮಾವಳಿಗೆ ಪುಟಗಟ್ಟಲೆ ಸ್ಥಳ ದೊರೆಯುತ್ತದೆ. ಇದಕ್ಕೂ ಅರ್ಧ ಪುಟ ದೊರೆಯದಿರಲಾರದು.